ಹೆಳವನ ಪುಸ್ತಕದಲ್ಲಿಲ್ಲದ ಹೆಸರು

ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ನಮ್ಮ ಹಿರಿಯರು ಹೇಳುತ್ತಾರೆ. ತುಂಗಭದ್ರೆಯ ದಡದಲ್ಲಿ ಹುಟ್ಟಿ ಬೆಳೆದ ನನಗೆ ನದಿಯ ಮೂಲ ಗೊತ್ತಿಲ್ಲದ ವಿಷಯವೇನಲ್ಲ. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವುದನ್ನು ಪ್ರಾಥಮಿಕ ಶಾಲೆಯಲ್ಲಿಯೇ ಓದಿದ್ದೇನೆ. ಋಷಿಗಳ ವಿಚಾರ ದೊಡ್ಡವರಿಗೆ ಬಿಟ್ಟದ್ದು. ಇವೆರಡನ್ನೂ ಬಿಟ್ಟರೆ ಮೂರನೆಯ ಮೂಲವೊಂದು ಉಳಿಯುತ್ತದೆ. ಅದು ನಮ್ಮ ನಮ್ಮ ಮನೆಯ ಮೂಲ. ಅದನ್ನು ಹುಡುಕಬೇಕೆ, ಬೇಡವೆ? ಹುಡುಕುವುದಾದರೆ ಹೇಗೆ ಹುಡುಕಬೇಕು? ಈ ಪ್ರಶ್ನೆ ಕಳೆದ ಒಂದು ವರ್ಷದಿಂದ ನನ್ನನ್ನು ಕಾಡುತ್ತಿದೆ. ನನಗೆ ತೋಚಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದೆ ವಿನಯಪೂರ್ವಕವಾಗಿ ಇಡುತ್ತಿದ್ದೇನೆ.

ಕಳೆದ ವರ್ಷ ಸುಗ್ಗಿ ಮುಗಿದು ಕಣದ ಕೆಲಸವೆಲ್ಲ ತೀರಿದ ಮೇಲೆ ಹರಿಹರದ ಕಡೆಯ ನಮ್ಮ ಹಳ್ಳಿಗೆ ಹೆಳವ ಬಂದ. ಪೇಟೆಯಲ್ಲಿ ಬೆಳೆದ ಗೆಳತಿಯರಿಗೆ ಹೆಳವರೆಂದರೆ ಯಾರೆಂದು ತಿಳಿದಿರಲಾರದು. ಅವರು ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು. ಇಂಥ ಹೆಳವನಿಗೆ ಇಂಥ ಊರು, ಇಂಥ ಮನೆಗಳು ಎಂಬ ಕಟ್ಟಳೆಯುಂಟು. ಕೆಲವು ವರ್ಷಗಳಿಗೊಮ್ಮೆ ಬಂದು ಆ ಮನೆಯ ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ; ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ; ಕಾಳು, ಬಟ್ಟೆ, ಹಣ ಪಡೆದು ಹರಸಿ ಹೋಗುತ್ತಾರೆ. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರಂತೆ. ನಮ್ಮ ಮನೆಗೆ ಬಂದವನು ಹಳೆಯ ಮೋಟಾರ್ ಸೈಕಲ್ಲಿನ ಮೇಲೆ ಬಂದ. ಗಂಟೆ ಮಾತ್ರ ಅವನ ಚೀಲದಲ್ಲಿತ್ತು.

ನಮ್ಮ ತಂದೆಯವರು ಒಂದಿಷ್ಟು ದುಡ್ಡು ಕೊಟ್ಟು ಕಳುಹಿಸಿಬಿಡುವ ಮನಸ್ಸಿನಲ್ಲಿದ್ದರು. ಅಜ್ಜಿ ಬಿಡಲಿಲ್ಲ. “ಹಂಗೆ ಬಾಗ್ಲಾಗಿಂದ ಕಳಿಸಬಾರ್ದಪ್ಪಾ, ಕಂಬ್ಳಿ ಹಾಸು, ಕೇಳಾನ” ಎಂದಳು. ಆತ ಕಂಬಳಿಯ ಮೇಲೆ ಕುಳಿತು, ದಾರ ಹೊಲಿದ ಹಳೆಯ ಲೆಕ್ಕದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಹೆಚ್ಚಾಗಿ ಅದನ್ನು ನೋಡದೆಯೇ ಒಂಬತ್ತು ತಲೆಮಾರಿನ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ. ನಮ್ಮ ಮನೆಯವರು ಹೊಳೆ ದಾಟಿ ಈ ಊರಿಗೆ ಬಂದದ್ದು ಧಾತು ಸಂವತ್ಸರದ ಬರದಲ್ಲಿ. ಬಂದವನು ನಮ್ಮ ತಂದೆಯವರ ಮುತ್ತಜ್ಜ. ಬಂದಾಗ ಅವನ ಕೈಯಲ್ಲಿ ಏನೂ ಇರಲಿಲ್ಲ. ಊರಿನ ಒಬ್ಬರ ಮನೆಯಲ್ಲಿ ದನ ಕಾಯಲು ನಿಂತ. ಹೀಗೆಂದು ಹೇಳಿ ಹೆಳವ ತಂದೆಯವರ ಕಡೆಗೆ ತಿರುಗಿ, ಎಷ್ಟು ಜನ ಗಂಡುಮಕ್ಕಳೆಂದು ಕೇಳಿದ. ಅಣ್ಣನ ಹೆಸರನ್ನು ಬರೆದುಕೊಂಡ. ನಾನು ಬಾಗಿಲ ಬಳಿಯೇ ನಿಂತಿದ್ದೆ. ನನ್ನ ಹೆಸರನ್ನು ಕೇಳಲಿಲ್ಲ.

ಅಷ್ಟರಲ್ಲಿ ಅಜ್ಜಿ ಕೇಳಿದಳು: “ನನ್ ಹೆಸ್ರು ಐತೇನಪ್ಪಾ ಅದ್ರಾಗೆ?”

“ಹೆಣ್ಮಕ್ಳ ಹೆಸ್ರು ಬರ್ಕಳಲ್ಲ ಯವ್ವಾ. ಗಂಡ್ಮಕ್ಳ ಸಾಲು ಮಾತ್ರ.”

“ಹೌದೇನು” ಎಂದು ಅಜ್ಜಿ ಒಳಗೆ ಹೋದಳು. ಮೊರದ ತುಂಬ ಜೋಳ ತಂದು ಅವನ ಚೀಲಕ್ಕೆ ಸುರಿದಳು. ಪುಸ್ತಕದಲ್ಲಿ ಯಾರ ಹೆಸರಿಲ್ಲವೋ ಅವಳ ಕೈಯಿಂದಲೇ ಪುಸ್ತಕದವನ ಚೀಲ ತುಂಬಿತು. ಈ ಸಂಗತಿಯನ್ನು ನಾನು ಮರೆಯಲಾರೆ.

ಇದಾದ ಕೆಲವು ವಾರಗಳಲ್ಲಿಯೇ ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸವನ್ನು ಓದುವ ಸಂದರ್ಭ ಒದಗಿತು. ಅಲ್ಲಿಗೆ ಮೊದಮೊದಲು ಹೋಗಿ ನೆಲೆಸಿದವರಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಮೂಲದವರದು ದೊಡ್ಡ ಪಾಲು. 1609ರಿಂದೀಚೆಗೆ ಇಂಗ್ಲೆಂಡಿನ ದೊರೆ ಮೊದಲನೆಯ ಜೇಮ್ಸ್ ಐರ್ಲೆಂಡಿನ ಉತ್ತರಕ್ಕಿರುವ ಅಲ್‌ಸ್ಟರ್ ಪ್ರಾಂತದಲ್ಲಿ ಸ್ಕಾಟ್ಲೆಂಡಿನ ರೈತರನ್ನು ತಂದು ನೆಲೆಗೊಳಿಸಿದ. ನೂರು ವರ್ಷ ಕಳೆಯುವಷ್ಟರಲ್ಲಿ ಜಮೀನ್ದಾರರು ಗೇಣಿಯನ್ನು ಏರಿಸಿದರು, ಬೆಳೆ ಕೆಟ್ಟಿತು, ರಾಜ್ಯದ ಅಧಿಕೃತ ಚರ್ಚಿಗೆ ಸೇರದವರಿಗೆ ಅಧಿಕಾರ ಸ್ಥಾನಗಳು ಮುಚ್ಚಿದವು. 1718ರ ಸುಮಾರಿಗೆ ಅವರ ಮಕ್ಕಳು ಮೊಮ್ಮಕ್ಕಳು ಮತ್ತೆ ಗಂಟು ಕಟ್ಟಿ ಹಡಗು ಹತ್ತಿದರು. 1775ರವರೆಗೆ ಹೀಗೆ ಹೋದವರು ಎರಡು ಲಕ್ಷದ ಆಸುಪಾಸಿನಲ್ಲಿರಬಹುದೆಂದು ಅನೇಕ ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಪೆನ್ಸಿಲ್ವೇನಿಯದಲ್ಲಿ ಇಳಿದವರು ಬಂಡಿ ಹೂಡಿಕೊಂಡು ದಕ್ಷಿಣಕ್ಕೆ ವರ್ಜೀನಿಯ, ಕೆರೊಲಿನಗಳವರೆಗೆ ಹರಡಿದರು.

ಇಂದು ಅವರ ಸಂತತಿಯವರು ತಮ್ಮ ಹಿರಿಯರನ್ನು ಹುಡುಕಲು ಪಡುವ ಶ್ರಮ ಆಶ್ಚರ್ಯ ಹುಟ್ಟಿಸುತ್ತದೆ. ಹಡಗಿನ ಪ್ರಯಾಣಿಕರ ಪಟ್ಟಿಯನ್ನು ಕ್ರಮವಾಗಿ ಇಡತೊಡಗಿದ್ದು 1820ರಿಂದ. ಅದಕ್ಕೂ ಹಿಂದೆ ಬಂದವರನ್ನು ಚರ್ಚಿನ ದಾಖಲೆ, ಉಯಿಲು, ಭೂಮಿಯ ಕ್ರಯಪತ್ರ, ಗೋರಿಕಲ್ಲುಗಳಲ್ಲಿ ಹುಡುಕಬೇಕು. ಐರ್ಲೆಂಡಿನಲ್ಲಂತೂ 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಭಂಡಾರ ಸುಟ್ಟುಹೋಗಿ ಶತಮಾನಗಳ ಕಾಗದಪತ್ರಗಳು ಬೂದಿಯಾದವು. ಮುಖ್ಯವಾಗಿ ನನ್ನ ಮನಸ್ಸನ್ನು ತಡೆದು ನಿಲ್ಲಿಸಿದ್ದು ಅವರ ಜನಗಣತಿ. 1790ರ ಮೊದಲ ಗಣತಿಯಲ್ಲಿ ಮನೆಯ ಯಜಮಾನನ ಹೆಸರು ಮಾತ್ರ ಬರೆದರು. ಉಳಿದವರೆಲ್ಲರೂ ಬರಿಯ ಅಂಕಿ. ಯಜಮಾನನ ಹೆಂಡತಿ ಒಂದು ಕಲಮಿನಲ್ಲಿ ‘ಒಂದು’. ಸ್ವತಂತ್ರರಾದ ಎಲ್ಲರ ಹೆಸರನ್ನೂ ಬರೆದದ್ದು 1850ರಲ್ಲಿ. ಆಗಲೂ ಗುಲಾಮರಿಗೆ ಹೆಸರಿಲ್ಲ. ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಗಂಡೋ ಹೆಣ್ಣೋ ಎಂಬ ಗುರುತು, ಇಷ್ಟೇ. ಗುಲಾಮಗಿರಿಯಿಂದ ಬಿಡುಗಡೆಯಾದವರೆಲ್ಲರ ಹೆಸರುಗಳು ಪುಸ್ತಕಕ್ಕೆ ಬಂದದ್ದು 1870ರಲ್ಲಿ. ಇದನ್ನು ಓದಿದಾಗ ಹೆಳವನ ಮೇಲಿದ್ದ ನನ್ನ ಕೋಪ ಅರ್ಧ ಇಳಿಯಿತು. ಸರ್ಕಾರವೇ ಲೇಖನಿ ಹಿಡಿದು ಕುಳಿತಾಗಲೂ ಹೀಗೆ ಬರೆದಿದೆಯೆಂದ ಮೇಲೆ, ಮೊರದ ಜೋಳವನ್ನು ನಂಬಿ ಊರೂರು ತಿರುಗುವವನನ್ನು ಮಾತ್ರ ಹಳಿಯುವುದು ಹೇಗೆ?

ಅಮೆರಿಕದ ಮಾತು ನಮಗೇಕೆ ಎಂದು ಯಾರಾದರೂ ಕೇಳಬಹುದು. ದಾವಣಗೆರೆಯೂ ಒಂದು ಬಗೆಯಲ್ಲಿ ಹಾಗೆ ಬಂದು ನೆಲೆಸಿದವರು ಕಟ್ಟಿದ ಊರೇ ಅಲ್ಲವೆ? ಹೈದರಾಲಿಯ ಕಾಲದವರೆಗೆ ಇದೊಂದು ಸಾಮಾನ್ಯ ಹಳ್ಳಿ. ಹೈದರಾಲಿ ಇದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆತಂದು ಇರಿಸಿ ಪೇಟೆ ಬೆಳೆಸಿದ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿ ಇಲ್ಲಿಯ ವಿವರಗಳನ್ನು ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಸ್ಕಾಟ್ಲೆಂಡಿನವನೇ. ಮುಂದೆ ಕಂಬಳಿಯ ವ್ಯಾಪಾರ, ಹತ್ತಿಯ ವ್ಯಾಪಾರ, ಇಪ್ಪತ್ತನೆಯ ಶತಮಾನದಲ್ಲಿ ಬಟ್ಟೆಯ ಗಿರಣಿಗಳು ಬಂದವು. ಒಂದೊಂದೂ ಹೊಸ ಜನರನ್ನು ಕರೆತಂದಿತು. ಗಿರಣಿಗಳ ಸದ್ದು ಅಡಗಿದರೂ ಕೂಲಿಗೆಂದು ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಉಳಿದರು. ಹರಿಹರದಲ್ಲಿ 1865ರವರೆಗೆ ಸೈನ್ಯದ ದಂಡು ಇತ್ತು. 1868ರಲ್ಲಿ ತುಂಗಭದ್ರೆಗೆ ಕಲ್ಲಿನ ಸೇತುವೆಯಾಯಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಇಂದು ಊರಿನ ಹೆಸರನ್ನು ನಾಡಿಗೆಲ್ಲ ಹರಡಿರುವ ಬೆಣ್ಣೆದೋಸೆಯ ಕಥೆಯನ್ನು ಸಹ, 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮನೆಂಬ ಹೆಣ್ಣುಮಗಳಿಂದಲೇ ಆರಂಭಿಸಿ ಹೇಳುತ್ತಾರೆ. ಹೀಗಿರುವಾಗ ನಿನ್ನೆ ಬಂದವರು ಇಂದು ಬಂದವರನ್ನು ‘ಹೊರಗಿನವರು’ ಎನ್ನುವುದು ನ್ಯಾಯವೆ? ಅಮೆರಿಕದ ಅಧ್ಯಕ್ಷನಾಗಿದ್ದ ಆಂಡ್ರೂ ಜಾಕ್ಸನ್ನನ ತಂದೆತಾಯಿಗಳು 1765ರಲ್ಲಿ ಅಲ್‌ಸ್ಟರಿನಿಂದ ಹಡಗು ಹತ್ತಿ ಬಂದವರು. ಅವರ ಮಗನೇ 1830ರಲ್ಲಿ, ಅನಾದಿಯಿಂದ ಆ ನೆಲದಲ್ಲಿದ್ದ ಮೂಲನಿವಾಸಿಗಳನ್ನು ಅಲ್ಲಿಂದ ತೆಗೆದು ಪಶ್ಚಿಮಕ್ಕೆ ಸಾಗಿಸುವ ಕಾಯಿದೆಗೆ ಸಹಿ ಹಾಕಿದ. ತಾನು ಬಂದ ದಾರಿಯನ್ನು ಮರೆತವನ ಕೈಯಿಂದ ಇಂಥ ಕೆಲಸಗಳಾಗುತ್ತವೆ.

ಆದುದರಿಂದ ಮೂಲವನ್ನು ಹುಡುಕಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಹುಡುಕುವವರು ಎರಡು ತಪ್ಪುಗಳಿಂದ ಪಾರಾಗಬೇಕು.

ಮೊದಲನೆಯದು ಹೆಮ್ಮೆಗಾಗಿ ಹುಡುಕುವುದು. ನಮ್ಮ ಮನೆಯಲ್ಲಿ ಬಹುಕಾಲದಿಂದ ಒಂದು ಮಾತು ನಡೆದು ಬಂದಿತ್ತು: ನಮ್ಮ ಹಿರಿಯರು ಚಿತ್ರದುರ್ಗದ ಮದಕರಿನಾಯಕನ ದಳವಾಯಿಗಳಾಗಿದ್ದರು, 1779ರಲ್ಲಿ ದುರ್ಗ ಹೈದರಾಲಿಯ ವಶವಾದ ಮೇಲೆ ಇತ್ತ ಬಂದರು ಎಂದು. ಈ ಸೀಮೆಯಲ್ಲಿ ವಿಚಾರಿಸಿದರೆ ಎರಡು ಮನೆಗೊಬ್ಬ ದಳವಾಯಿ ಸಿಗುತ್ತಾನೆ! ಇವರೆಲ್ಲರೂ ದಳವಾಯಿಗಳೇ ಆಗಿದ್ದರೆ ದುರ್ಗದ ಕಲ್ಲು ಹೊತ್ತವರಾರು, ಕುರಿ ಕಾದವರಾರು, ಕುದುರೆಗೆ ಹುಲ್ಲು ಹಾಕಿದವರಾರು? ಹೆಳವ ಹೇಳಿದ ದನ ಕಾಯುವ ಹುಡುಗನ ಕಥೆ ತಂದೆಯವರಿಗೆ ರುಚಿಸಲಿಲ್ಲ. “ಅವನಿಗೇನು ಗೊತ್ತು” ಎಂದುಬಿಟ್ಟರು. ನಾನು ಲೆಕ್ಕ ಹಾಕಿ ನೋಡಿದೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಧಾತು ಬಂದದ್ದು 1816ರಲ್ಲಿ, 1876ರಲ್ಲಿ, 1936ರಲ್ಲಿ. ಮುತ್ತಜ್ಜನ ಕಾಲಕ್ಕೆ ಹೊಂದುವುದು ನಡುವಿನದು. ಅದು ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮದ ಕಾಲವೆಂಬುದು ಇತಿಹಾಸ ಓದಿದವರಿಗೆಲ್ಲ ತಿಳಿದಿದೆ. 1871ರಲ್ಲಿ ಐವತ್ತು ಲಕ್ಷಕ್ಕೂ ಮೇಲಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಹೊಳೆಯ ಎರಡೂ ದಡಗಳಲ್ಲಿ ಜನ ಅನ್ನ ಹುಡುಕಿಕೊಂಡು ಊರು ಬಿಟ್ಟ ದಿನಗಳವು. ಆ ಬರದಲ್ಲಿ ಸಾಯದೆ, ದನ ಕಾಯ್ದು ಬದುಕಿ, ಒಂದು ಮನೆಯನ್ನು ನಿಲ್ಲಿಸಿದ ಹುಡುಗನಿಗಿಂತ ಕಾಣದ ದಳವಾಯಿ ದೊಡ್ಡವನೆ? ನನಗಂತೂ ಹಾಗೆನ್ನಿಸುವುದಿಲ್ಲ.

ಈ ಹುಸಿ ಹೆಮ್ಮೆ ನಮ್ಮಲ್ಲಿ ಮಾತ್ರವೇ ಇಲ್ಲ. ಸ್ಕಾಟ್ಲೆಂಡಿನ ಒಂದೊಂದು ಕುಲಕ್ಕೂ ಒಂದೊಂದು ಬಣ್ಣದ ಚೌಕಳಿ ಬಟ್ಟೆ ಎಂಬ ಕಟ್ಟು ಬಲವಾಗಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಅದರಲ್ಲೂ 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಭೇಟಿ ಕೊಟ್ಟ ಮೇಲೆ. ಅದಕ್ಕೆ ನೂರು ವರ್ಷ ಮೊದಲೇ ಹಡಗು ಹತ್ತಿದ ಬಡ ಗೇಣಿದಾರರ ಮೊಮ್ಮಕ್ಕಳು ಇಂದು ಆ ಬಟ್ಟೆಯನ್ನು ಕೊಂಡು ಉಟ್ಟು, ಇದು ನಮ್ಮ ಹಿರಿಯರು ಉಟ್ಟದ್ದು ಎನ್ನುತ್ತಾರೆ. ಅವರ ಚೌಕಳಿ ಬಟ್ಟೆ, ನಮ್ಮ ದಳವಾಯಿ, ಎರಡೂ ಒಂದೇ ಅಂಗಡಿಯ ಸರಕು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅದು ಅರ್ಧ ಮನೆಯನ್ನು ಮಾತ್ರ ಹುಡುಕುವುದು. ಮೂಲ ಬಿಟ್ಟು ಬಂದು ಹೊಸ ನೆಲದಲ್ಲಿ ಬೇರು ಬಿಟ್ಟವರನ್ನು ನಾವು ಗೌರವಿಸುವುದಾದರೆ, ಪ್ರತಿ ಮನೆಯಲ್ಲಿಯೂ ಪ್ರತಿ ತಲೆಮಾರಿನಲ್ಲಿಯೂ ಹಾಗೆ ಬಂದವರು ಯಾರು? ಸೊಸೆಯರಲ್ಲವೆ? ನಮ್ಮ ಮುತ್ತಜ್ಜ ಹೊಳೆ ದಾಟಿದ್ದು ಒಮ್ಮೆ. ಹೆಳವ ಅದನ್ನು ಒಂದೂವರೆ ಶತಮಾನದಿಂದ ಹಾಡುತ್ತಿದ್ದಾನೆ. ನಮ್ಮ ಅಜ್ಜಿಯೂ ಹೊಳೆ ದಾಟಿದವಳೇ. ಅವಳ ತವರು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. 1956ರ ಬೇಸಿಗೆಯಲ್ಲಿ, ಹದಿನಾರರ ಪ್ರಾಯದಲ್ಲಿ, ಒಂದು ಟ್ರಂಕು ಹಿಡಿದುಕೊಂಡು ಹರಿಗೋಲಿನಲ್ಲಿ ಕುಳಿತು ಈ ದಡಕ್ಕೆ ಬಂದಳು. ಆಗ ಆ ದಡ ಮುಂಬಯಿ ರಾಜ್ಯ, ಈ ದಡ ಮೈಸೂರು. ಅದೇ ವರ್ಷ ನವೆಂಬರ್ ಒಂದರಂದು ಎರಡು ದಡಗಳೂ ಒಂದೇ ರಾಜ್ಯವಾದವು. “ಆರು ತಿಂಗ್ಳು ತಡ್ದಿದ್ರೆ ನಾನು ರಾಜ್ಯ ಬಿಟ್ಟು ಬಂದಂಗೇ ಆಗ್ತಿರ್ಲಿಲ್ಲ” ಎಂದು ಇಂದಿಗೂ ನಗುತ್ತಾಳೆ. ಬಂದ ಹೊಸದರಲ್ಲಿ ಅವಳ ಮಾತಿನ ಧಾಟಿಯನ್ನು ಕೇಳಿ ಇಲ್ಲಿಯವರು ನಗುತ್ತಿದ್ದರಂತೆ. ಇದು ವಲಸೆಯಲ್ಲದೆ ಮತ್ತೇನು? ಆದರೆ ಇದಕ್ಕೆ ಹಾಡಿಲ್ಲ, ಪುಸ್ತಕವಿಲ್ಲ.

ನಮ್ಮ ನಾಡಿನಲ್ಲಿ ಎಂದೆಂದಿಗೂ ಹೀಗೆಯೇ ಇತ್ತೆಂದು ಹೇಳಲಾಗದು. ಹೊಯ್ಸಳರ ಕಾಲದ ಕಲ್ಲುಗಳು ತಾಯಿಯನ್ನು ಮರೆತಿಲ್ಲ. ಶ್ರವಣಬೆಳಗೊಳದ ಶಾಸನದಿಂದ ಶಾಂತಲೆಯ ತಂದೆ ಮಾರಸಿಂಗಯ್ಯನೆಂದು ತಿಳಿಯುವಂತೆ ತಾಯಿ ಮಾಚಿಕಬ್ಬೆಯೆಂಬುದೂ ತಿಳಿಯುತ್ತದೆ. ಹರಿಹರೇಶ್ವರ ದೇವಾಲಯವನ್ನು ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ ಪೋಲಾಳ್ವ ದಂಡನಾಥ ಕಟ್ಟಿಸಿದ. ಅಲ್ಲಿಯ ಶಾಸನಗಳು ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೊಂದನೆಯ ಸಂಪುಟದಲ್ಲಿ ಅಚ್ಚಾಗಿವೆ, ಆಸಕ್ತರು ಓದಬಹುದು. ಎಂಟುನೂರು ವರ್ಷದ ಹಿಂದೆ ಕಲ್ಲು ಕಡೆಯುವವನಿಗೆ ತಾಯಿಯ ಹೆಸರಿಗೆ ಜಾಗ ಸಿಕ್ಕಿತು. ನಮ್ಮ ಕಾಗದದಲ್ಲಿ ಸಿಗುವುದಿಲ್ಲವೆ?

ಸಿಗುವ ಕಾಗದವೊಂದುಂಟು. ಮನೆಯ ಹಿರಿಯರು ತೀರಿಕೊಂಡು ಪೌತಿ ಖಾತೆ ಆಗಬೇಕಾದಾಗ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸುತ್ತೇವೆ. 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿರುವುದರಿಂದ ಅಲ್ಲಿ ಅವರ ಹೆಸರನ್ನು ಬಿಡುವಂತಿಲ್ಲ. ಆಗ ಅತ್ತೆಯರನ್ನು ನೆನೆಸಿಕೊಳ್ಳುತ್ತೇವೆ. ಬಸ್ಸು ಹತ್ತಿ ಹೋಗಿ ಸಹಿ ಹಾಕಿಸಿಕೊಂಡು ಬರುತ್ತೇವೆ. ಹೊಲದ ಹಕ್ಕು ಬಿಡಿಸಿಕೊಳ್ಳುವುದಕ್ಕೆ ಹೆಣ್ಣಿನ ಹೆಸರು ಬೇಕು. ಮನೆಯ ಕಥೆ ಹೇಳುವುದಕ್ಕೆ ಬೇಡ. ಇದಕ್ಕಿಂತ ನಾಚಿಕೆಗೇಡಿನ ಸಂಗತಿ ಉಂಟೆ?

ಹೆಳವನೇ ಬಾರದ ಮನೆಗಳೂ ಊರಿನಲ್ಲಿವೆ. ನಮ್ಮ ತರಗತಿಯ ಸಹಪಾಠಿಯೊಬ್ಬ, ಅಜ್ಜ ಗಿರಣಿಗೆ ಕೂಲಿಗೆ ಬಂದವನೆಂಬುದರ ಆಚೆಗೆ ತನಗೇನೂ ತಿಳಿಯದೆಂದ. “ನಮ್ಮ ಹೆಸ್ರು ಬರ್ಕೊಳ್ಳೋರು ಯಾರಿದ್ರು?” ಎಂದು ಕೇಳಿದ. 1850ರ ಅಮೆರಿಕದ ಪುಸ್ತಕದಲ್ಲಿ ಹೆಸರಿಲ್ಲದವರ ಮೊಮ್ಮಕ್ಕಳು ಕೇಳುವುದೂ ಇದನ್ನೇ. ಅವನ ಪ್ರಶ್ನೆಗೆ ನನ್ನಲ್ಲಿ ಒಂದೇ ಉತ್ತರವಿದೆ: ಇನ್ನು ಮೇಲೆ ನಾವೇ ಬರೆದುಕೊಳ್ಳಬೇಕು.

ಬಸವಣ್ಣನವರ ನಾಡಿನಲ್ಲಿ ಹುಟ್ಟಿ ಕುಲಮೂಲವನ್ನು ಕೆದಕುವುದು ಸರಿಯೆ, ಇದರಿಂದ ಜಾತಿಯ ಕಟ್ಟು ಇನ್ನಷ್ಟು ಬಿಗಿಯಾಗುವುದಿಲ್ಲವೆ ಎಂದು ಗೆಳತಿಯೊಬ್ಬಳು ಆಕ್ಷೇಪಿಸಿದಳು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಎದುರಿಗೆ ಬಂದವನ ಕುಲವನ್ನು ಕೇಳುವುದು ಬೇರೆ, ನಮ್ಮ ಅಜ್ಜಿಯ ಕಷ್ಟವನ್ನು ಕೇಳುವುದು ಬೇರೆ. ಮೊದಲನೆಯದು ಗೋಡೆ ಕಟ್ಟುತ್ತದೆ. ಎರಡನೆಯದನ್ನು ಪ್ರಾಮಾಣಿಕವಾಗಿ ಮಾಡಿದರೆ ಗೋಡೆ ತಾನಾಗಿಯೇ ತಗ್ಗುತ್ತದೆ. ಏಕೆಂದರೆ ಹುಡುಕುತ್ತ ಹೋದಂತೆ ದಳವಾಯಿ ಕಾಣೆಯಾಗುತ್ತಾನೆ, ಹಸಿದವನು ಕಾಣಿಸುತ್ತಾನೆ. ಹಸಿದವರ ಕಥೆ ಎಲ್ಲ ಮನೆಗಳಲ್ಲಿಯೂ ಒಂದೇ.

ಕೊನೆಯದಾಗಿ ನನ್ನದೊಂದು ಸೂಚನೆ. ನಮ್ಮ ಕಾಲೇಜಿನಲ್ಲಿ ಹಳ್ಳಿಗಳಿಂದಲೂ ಪೇಟೆಯ ಓಣಿಗಳಿಂದಲೂ ಬರುವ ವಿದ್ಯಾರ್ಥಿಗಳಿದ್ದೇವೆ. ಪ್ರತಿಯೊಬ್ಬರೂ ಈ ರಜೆಯಲ್ಲಿ ನಾಲ್ಕು ಹಾಳೆ ಬರೆಯೋಣ. ಮನೆಯ ಅತ್ಯಂತ ಹಿರಿಯ ಹೆಣ್ಣುಮಗಳಿಂದ ಆರಂಭಿಸೋಣ. ಆಕೆಯ ಹೆಸರು, ತಾಯಿಯ ಹೆಸರು, ತವರೂರು, ಬಂದ ವರ್ಷ, ಬಂದ ದಾರಿ ಇವಿಷ್ಟನ್ನು ಕೇಳೋಣ. ವರ್ಷ ಗೊತ್ತಿಲ್ಲದಿದ್ದರೆ ಯಾವ ಬರ, ಯಾವ ಜಾತ್ರೆ, ಯಾವ ಮಹಾಪೂರ ಎಂದು ಕೇಳಿದರೆ ಸಾಕು. ಟ್ರಂಕಿನ ತಳದಲ್ಲಿರುವ ಹಳೆಯ ಲಗ್ನಪತ್ರಿಕೆ, ಮುಯ್ಯಿಯ ಪಟ್ಟಿ, ಕ್ರಯಪತ್ರ, ಕೈಬರಹದ ಪಹಣಿಗಳನ್ನು ಅದರೊಡನೆ ಹೋಲಿಸಿ ನೋಡೋಣ. ಹೆಳವ ಬಂದರೆ ಕಂಬಳಿ ಹಾಸಿ ಕೂರಿಸಿ ಕೇಳೋಣ. ಅವನ ನಾಲಗೆಯೂ ಒಂದು ದಾಖಲೆಗಳ ಭಂಡಾರವೇ, ಅದು ಸುಟ್ಟುಹೋಗಲು ಬೆಂಕಿಯೂ ಬೇಕಿಲ್ಲ. ಹೀಗೆ ಬರೆದ ಹಾಳೆಗಳನ್ನು ಮನೆಯವರು ಒಪ್ಪಿದರೆ ಹೊಲಿಸಿ ಗ್ರಂಥಾಲಯದಲ್ಲಿ ಇಡಬಹುದು. ಇತಿಹಾಸದ ಅಧ್ಯಾಪಕರು ಇದಕ್ಕೆ ಮಾರ್ಗದರ್ಶನ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.

ಈ ಕೆಲಸಕ್ಕೆ ಬಹಳ ಕಾಲ ಉಳಿದಿಲ್ಲವೆಂಬುದನ್ನೂ ಹೇಳಬೇಕು. ನಮ್ಮ ಅಜ್ಜಿಗೆ ಈಚೆಗೆ ಮರೆವು ಹತ್ತಿದೆ. ಕೆಲವು ದಿನ ನನ್ನನ್ನು ಅವಳ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ಆ ಹೆಸರನ್ನು ನಾನು ಕೇಳಿದ್ದೇ ಹಾಗೆ! ನೆನಪು ತಿಳಿಯಾಗಿದ್ದ ಒಂದು ಸಂಜೆ ಕೂರಿಸಿಕೊಂಡು ಕೇಳಿದೆ. ತನ್ನ ಹೆಸರು, ತನ್ನ ತಾಯಿಯ ಹೆಸರು, ತಾಯಿಯ ತಾಯಿಯ ಹೆಸರು ಎಂದು ಮೂರು ಹೆಸರು ಹೇಳಿದಳು. ಅದರಾಚೆ ಗೊತ್ತಿಲ್ಲವೆಂದು ಸುಮ್ಮನಾದಳು. ಹೆಳವನ ಬಳಿ ಒಂಬತ್ತು, ನನ್ನ ಬಳಿ ಮೂರು. ನನ್ನ ತಾಯಿಯ ಹೆಸರನ್ನೂ ನನ್ನ ಹೆಸರನ್ನೂ ಕೆಳಗೆ ಬರೆದು ಐದು ಮಾಡಿಕೊಂಡಿದ್ದೇನೆ. ನಾನೂ ನಾಳೆ ಯಾವುದೋ ಊರಿಗೆ ಟ್ರಂಕು ಹಿಡಿದು ಹೋಗುವವಳೇ ಇರಬಹುದು. ಆ ಹಾಳೆ ನನ್ನೊಡನೆ ಬರುತ್ತದೆ.

ಮುಂದಿನ ಸಲ ಹೆಳವ ಬಂದಾಗ ಈ ಹೆಸರುಗಳನ್ನೂ ಬರೆದುಕೊಳ್ಳೆಂದು ಕೇಳುತ್ತೇನೆ. ಬರೆದುಕೊಂಡರೆ ಸಂತೋಷ. ಬರೆದುಕೊಳ್ಳದಿದ್ದರೂ ಅವನಿಗೆ ಮೊರದ ಜೋಳ ತಪ್ಪುವುದಿಲ್ಲ.